ರೆಸಿಪಿಯಲ್ಲಿಲ್ಲದ ಬೆಲ್ಲ

ಗುರುವಾರ ಮಧ್ಯಾಹ್ನ ಮೂರೂವರೆಗೆ, ಊಟದ ಗಿರಾಕಿಗಳೆಲ್ಲ ಎದ್ದು ಹೋದ ಮೇಲೆ, ಸುಶ್ರುತ ನಮ್ಮನ್ನು ಟೆರೇಸಿನ ಉದ್ದನೆಯ ಟೇಬಲ್ಲಿಗೆ ಕೂರಿಸಿ ಒಬ್ಬೊಬ್ಬರ ಮುಂದೆ ನಾಲ್ಕು ಗ್ಲಾಸು ಇಟ್ಟ. ನಡುವೆ ಒಂದು ಟಾರ್ಟ್ ಇತ್ತು. ಬೆಣ್ಣೆ ಹಾಕಿ ನಾದಿದ ಮೈದಾದ ಗರಿಗರಿ ತಳ, ಅದರೊಳಗೆ ಓವನ್ನಿನಲ್ಲಿ ಸುಟ್ಟ ಸಿಹಿಗುಂಬಳದ ಹೋಳು, ಒಂದು ಗಂಟೆ ಸಣ್ಣ ಉರಿಯಲ್ಲಿ ಬಾಡಿಸಿದ ಈರುಳ್ಳಿ, ಮೇಲೆ ಮೇಕೆ ಹಾಲಿನ ಚೀಸು. ಭಾನುವಾರ ನಮ್ಮಲ್ಲಿ ಹನ್ನೆರಡು ಜನರಿಗೆ ವೈನ್ ಲಂಚ್ ಇತ್ತು. ಅದಕ್ಕೆ ಈ ಟಾರ್ಟೇ ಮುಖ್ಯ ತಿನಿಸು. ಅದರ ಜೊತೆ ಯಾವ ವೈನ್ ಕೊಡಬೇಕೆಂದು ನೋಡುವುದಕ್ಕೆ ನಾವು ಕೂತಿದ್ದೆವು. ಹಾಗೆಂದು ಹೇಳಿದ್ದರು. ನಿಜವೆಂದರೆ ಸುಶ್ರುತ ಅದನ್ನು ಆಗಲೇ ತೀರ್ಮಾನಿಸಿ ಆಗಿತ್ತು. ನಾವು ಕೂತಿದ್ದು ತಲೆಯಾಡಿಸುವುದಕ್ಕೆ.

ಸುಶ್ರುತ ನಮ್ಮ ರೆಸ್ಟೋರೆಂಟಿನ ವೈನ್ ಸಲಹೆಗಾರ. ಬಸವನಗುಡಿಯವನು, ಲಂಡನ್ನಿನಲ್ಲಿ ಕೋರ್ಸು ಮುಗಿಸಿ ಬಂದವನು. ತಿಂಗಳಿಗೆ ಎರಡು ಸಲ ಜೆ.ಪಿ. ನಗರಕ್ಕೆ ಬಂದು ನಮಗೆ ಪಾಠ ಮಾಡಿ ಹೋಗುತ್ತಿದ್ದ. ಪಾಠ ಚೆನ್ನಾಗಿಯೇ ಇರುತ್ತಿತ್ತು, ಸುಳ್ಳು ಹೇಳಬಾರದು. ಬಾಟಲಿ ಹೇಗೆ ಹಿಡಿಯಬೇಕು, ಕಾರ್ಕು ಹೇಗೆ ತೆಗೆಯಬೇಕು, ಗ್ಲಾಸು ಎಷ್ಟು ತುಂಬಬೇಕು, ಎಲ್ಲವನ್ನೂ ನಾನು ಕಲಿತದ್ದು ಅವನಿಂದಲೇ.

ನಾನು ದಾನಮ್ಮ. ಎದೆಯ ಮೇಲಿನ ಬಿಲ್ಲೆಯಲ್ಲಿ ಮಾತ್ರ ಡಾನಾ. ಊರು ವಿಜಯಪುರ ಜಿಲ್ಲೆಯ ತಿಕೋಟಾ ಹತ್ತಿರ, ಇರುವುದು ಬಿಟಿಎಂನ ಒಂದು ಪಿಜಿಯಲ್ಲಿ. ಎರಡು ವರ್ಷದಿಂದ ಇಲ್ಲಿ ತಟ್ಟೆ ಇಡುತ್ತಿದ್ದೆ, ತಟ್ಟೆ ಎತ್ತುತ್ತಿದ್ದೆ. ಮುಂದಿನ ತಿಂಗಳಿಂದ ವೈನ್ ನೋಡಿಕೊಳ್ಳಲು ನಮ್ಮಲ್ಲೇ ಒಬ್ಬರನ್ನು ಆರಿಸುವುದಾಗಿ ರೆಸ್ಟೋರೆಂಟಿನ ಯಜಮಾನಿ ಸುರಭಿ ಹೇಳಿದ್ದಳು. ಯಾವ ತಿನಿಸಿಗೆ ಯಾವ ವೈನ್ ಎಂದು ಗಿರಾಕಿಗಳಿಗೆ ಹೇಳುವುದು, ಬಾಟಲಿ ತೆಗೆದು ಸುರಿಯುವುದು, ಮುಗಿದದ್ದನ್ನು ತರಿಸುವುದು. ಆ ಕೆಲಸ ನನಗೆ ಬೇಕಿತ್ತು. ಉಳಿದವರಿಗಿಂತ ಚೆನ್ನಾಗಿ ಮಾಡಬಲ್ಲೆ ಎಂದೂ ಗೊತ್ತಿತ್ತು. ಭಾನುವಾರ ಯಾರು ಸುರಿಯುತ್ತಾರೋ ಕೆಲಸ ಅವರದೇ ಎಂದು ಎಲ್ಲರಿಗೂ ಅರ್ಥವಾಗಿತ್ತು.

"ಎಡಗಡೆಯಿಂದ," ಸುಶ್ರುತ ಶುರು ಮಾಡಿದ. "ಒಂದು, ಸಾವಿನ್ಯೋನ್ ಬ್ಲಾಂಕ್, ವೈಟ್, ಹುಳಿ ಜಾಸ್ತಿ. ಎರಡು, ಶೆನಿನ್ ಬ್ಲಾಂಕ್, ಅದೂ ವೈಟೇ, ಸ್ವಲ್ಪ ಸಿಹಿ. ಮೂರು, ರೋಸೆ, ಗುಲಾಬಿ ಬಣ್ಣದ್ದು. ನಾಲ್ಕು, ನಮ್ಮ ಹೀರೋ. ಶಿರಾಜ್, ರೆಡ್, ಒಂದು ವರ್ಷ ಓಕ್ ಮರದ ಪೀಪಾಯಿಯಲ್ಲಿ ಇಟ್ಟಿರೋದು. ಟಾರ್ಟ್ ಒಂದು ಬೈಟ್, ವೈನ್ ಒಂದು ಸಿಪ್. ಶುರು ಮಾಡಿ."

ಎಲ್ಲರೂ ಕುಡಿದರು. ನಾನು ಬಾಯಲ್ಲಿ ಹಿಡಿದು, ಹೊರಳಿಸಿ, ಪಕ್ಕದಲ್ಲಿಟ್ಟುಕೊಂಡಿದ್ದ ಸ್ಟೀಲ್ ಲೋಟಕ್ಕೆ ಉಗುಳಿದೆ.

"ಇದೇನು ಡಾನಾ, ಡೆಂಟಿಸ್ಟ್ ಹತ್ರ ಬಂದಿದೀಯಾ?"

ನಗು ಎದ್ದಿತು. ರವಿಕುಮಾರ ಎಲ್ಲರಿಗಿಂತ ಜೋರಾಗಿ ನಕ್ಕ. ಕೊಪ್ಪಳದ ಕಡೆಯವನು. ನನ್ನ ಹಾಗೆಯೇ ಬಡಿಸುವವನು, ನನ್ನದೇ ಪಿಜಿಯ ಹಿಂದಿನ ಬೀದಿಯವನು, ಮೂರೇ ವರ್ಷದಲ್ಲಿ ಬೆಂಗಳೂರಿನ 'ಗುರು', 'ಮಗಾ' ಎಲ್ಲ ಕಲಿತವನು.

"ನಿಮ್ಮ ಕೋರ್ಸಲ್ಲಿ ಉಗುಳೋದು ಹೇಳ್ಕೊಡಲ್ವಾ ಸಾರ್?" ಎಂದೆ.

ಸುಶ್ರುತನ ಗ್ಲಾಸು ಖಾಲಿಯಾಗಿತ್ತು. ಅವನು ಅದನ್ನು ಪಕ್ಕಕ್ಕೆ ಸರಿಸಿದ. "ಸುಟ್ಟ ತರಕಾರಿ, ಚೀಸು, ಬೆಣ್ಣೆ. ಇದಕ್ಕೆ ರೆಡ್ ಬಿಟ್ಟು ಇನ್ನೇನು ಕೊಡೋಕಾಗುತ್ತೆ? ನಾಲ್ಕನೇದು ತಗೊಳ್ಳಿ. ಹೇಗಿದೆ?"

"ಸಖತ್ ಸಾರ್," ಎಂದ ರವಿ.

"ಕಹಿ ಆಗ್ತಿದೆ ಸಾರ್," ಎಂದೆ.

"ಅದು ಟ್ಯಾನಿನ್ ಕಣಮ್ಮ. ದ್ರಾಕ್ಷಿ ಸಿಪ್ಪೆ, ಬೀಜದಿಂದ ಬರೋ ಒಗರು. ಅಭ್ಯಾಸ ಆಗ್ಬೇಕು."

"ಬರೀ ವೈನ್ ಕುಡಿದ್ರೆ ಒಗರು, ಅದು ಸರಿ. ಟಾರ್ಟ್ ತಿಂದು ಕುಡಿದ್ರೆ ಕಹಿ. ಹಣ್ಣೆಲ್ಲ ಎಲ್ಲೋ ಹೋಗಿ ಬರೀ ಕಟ್ಟಿಗೆ ಉಳೀತಿದೆ. ಟಾರ್ಟ್ ಸಿಹಿ ಇದೆ ಸಾರ್, ವೈನಲ್ಲಿ ಅಷ್ಟು ಸಿಹಿ ಇಲ್ಲ. ಅದಕ್ಕೇ. ಒಂದನೇದು ಚೀಸಿಗೆ ಸರಿ, ಕುಂಬಳದ ಜೊತೆ ನಿಂಬೆನೀರಿನ ಹಾಗಾಗುತ್ತೆ. ರೋಸೆ ಪರವಾಗಿಲ್ಲ. ಸರಿಯಾಗಿ ಕೂರೋದು ಶೆನಿನ್."

"ಕುಂಬಳದ ಸಿಹಿ ಅಷ್ಟೊಂದು ಬರಲ್ಲ. ರೆಸಿಪಿ ನಾನು ನೋಡಿದೀನಿ. ಸಕ್ಕರೆ ಇಲ್ಲ, ಜೇನು ಇಲ್ಲ."

"ಬೆಲ್ಲ ಇದೆ."

ಟೇಬಲ್ಲಿನ ತುದಿಯಲ್ಲಿ ನಿಂತಿದ್ದ ಪಿಳ್ಳಣ್ಣನ ಕಡೆ ಎಲ್ಲರೂ ತಿರುಗಿದರು. ಟಾರ್ಟ್ ಅವನದು. ವಿಲ್ಸನ್ ಗಾರ್ಡನ್ನಿನ ಒಂದು ಬೇಕರಿಯಲ್ಲಿ ಮೂವತ್ತು ವರ್ಷ ಪಫ್ ಮಾಡಿ, ಬೇಕರಿ ಮುಚ್ಚಿದ ಮೇಲೆ ಇಲ್ಲಿಗೆ ಬಂದವನು. ಮೈದಾ, ಬೆಣ್ಣೆ ಅವನ ಕೈ ಕೆಳಗೆ ಹೇಳಿದ ಮಾತು ಕೇಳುತ್ತವೆ.

"ಯಾರಮ್ಮ ಹಾಕಿದ್ರು ಬೆಲ್ಲ?" ಎಂದ ಪಿಳ್ಳಣ್ಣ. "ಮೇಡಂ ಕೊಟ್ಟ ರೆಸಿಪಿಲಿ ಏನಿದ್ಯೋ ಅಷ್ಟೇ."

ಸುರಭಿ ನಕ್ಕಳು. "ಬಿಡಿ ಪಿಳ್ಳಣ್ಣ. ನಾರ್ತ್ ಕರ್ನಾಟಕದವರಿಗೆ ನಮ್ಮ ಸಾಂಬಾರೂ ಪಾಯಸಾನೇ."

"ಬೆಲ್ಲ ಐತ್ರಿ," ಎಂದೆ. ಸಿಟ್ಟು ಬಂದರೆ ನನ್ನ ಬಾಯಿಗೆ ಊರು ಬರುತ್ತದೆ. "ಐತಿ ಅಂದ್ರ ಐತಿ."

ಮತ್ತೆ ನಗು. ಭಾನುವಾರಕ್ಕೆ ಶಿರಾಜ್ ಎಂದು ತೀರ್ಮಾನವಾಯಿತು. ಸುರಿಯುವವನು ರವಿಕುಮಾರ.

*

ನಮ್ಮೂರ ಸುತ್ತ ದ್ರಾಕ್ಷಿ ಒಣಗಿಸುವ ಶೆಡ್ಡುಗಳಿವೆ. ಗೊನೆ ಕತ್ತರಿಸಿ, ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ಜಾಲರಿಯ ಮೇಲೆ ಹರವಿ ಒಣದ್ರಾಕ್ಷಿ ಮಾಡುತ್ತಾರೆ. ನನ್ನ ಅವ್ವ ಶಿವಬಸಮ್ಮ ಅಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಾಳೆ. ಗೊನೆ ಕತ್ತರಿಸುವುದಕ್ಕೆ ಮೊದಲು ಹಣ್ಣಿನಲ್ಲಿ ಸಿಹಿ ಎಷ್ಟು ಕೂಡಿದೆ ಎಂದು ನೋಡಬೇಕು. ಅದಕ್ಕೆ ಕೈಯಲ್ಲಿ ಹಿಡಿಯುವ ಒಂದು ದುರ್ಬೀನಿನಂಥ ಉಪಕರಣವಿದೆ. ಒಂದು ಹನಿ ರಸ ಬಿಟ್ಟು ಬೆಳಕಿಗೆ ಹಿಡಿದರೆ ಅಂಕಿ ಕಾಣುತ್ತದೆ. ಶೆಡ್ಡಿನ ಮೇಸ್ತ್ರಿ ಅದನ್ನು ಕಣ್ಣಿಗೆ ಹಿಡಿಯುವ ಮೊದಲೇ ಅವ್ವ ಒಂದು ಕಾಳು ಕಚ್ಚಿ "ಇಪ್ಪತ್ತೊಂದು. ಇನ್ನ ನಾಕ ದಿನಾ ಬೇಕ" ಎನ್ನುತ್ತಿದ್ದಳು. ಕಚ್ಚಿದ್ದನ್ನು ಉಗುಳುತ್ತಿದ್ದಳು. ನುಂಗುತ್ತ ಹೋದರೆ ಐವತ್ತು ಗೊನೆಯ ಹೊತ್ತಿಗೆ ನಾಲಿಗೆ ಸತ್ತು ಹೋಗುತ್ತದೆ. ಹದಿನೈದನೇ ವರ್ಷಕ್ಕೆ ನಾನೂ ಅವಳ ಜೊತೆ ಕಚ್ಚಿ ಉಗುಳತೊಡಗಿದೆ. ಪಿಯುಸಿ ಮುಗಿಯುವ ಹೊತ್ತಿಗೆ ಅಂಕಿ ಹೇಳುವುದರಲ್ಲಿ ಅವಳಿಗೆ ಸರಿಸಮ ಇದ್ದೆ.

ಇದನ್ನು ಸುಶ್ರುತನಿಗೆ ಹೇಳಬಹುದಿತ್ತು. ಹೇಳಿದ್ದರೆ ಅವನು "ವಾವ್, ಎಂಥ ಸ್ಟೋರಿ" ಎಂದು ಫೋಟೋ ತೆಗೆಯುತ್ತಿದ್ದ. ಫೋಟೋ ನನಗೆ ಬೇಕಿರಲಿಲ್ಲ.

ಬೆಂಗಳೂರಿಗೆ ಬಂದ ಮೊದಲ ವಾರ ಪಿಜಿಯ ಸಾಂಬಾರು ತಿಂದು ವಾಂತಿ ಬಂದಂತಾಗಿತ್ತು. ಪಲ್ಯದಲ್ಲಿ ಸಿಹಿ, ಸಾರಿನಲ್ಲಿ ಸಿಹಿ, ಗೊಜ್ಜಿನಲ್ಲಂತೂ ಕೇಳುವುದೇ ಬೇಡ. ಇಲ್ಲಿನವರನ್ನು ಕೇಳಿದರೆ "ಸಿಹಿನಾ? ಎಲ್ಲಿ?" ಎನ್ನುತ್ತಾರೆ. ಸುಳ್ಳಲ್ಲ, ಅವರಿಗೆ ನಿಜವಾಗಿಯೂ ಗೊತ್ತಾಗುವುದಿಲ್ಲ. ಹುಟ್ಟಿದಾಗಿನಿಂದ ತಿಂದದ್ದಕ್ಕೆ ರುಚಿ ಇರುವುದಿಲ್ಲ. ನನಗೆ ಗೊತ್ತಾಗುತ್ತದೆ. ಆ ಗುರುವಾರ ನನಗೆ ಗೊತ್ತಾದದ್ದೂ ಅದೇ.

*

ಶುಕ್ರವಾರ ಬೆಳಿಗ್ಗೆ ಎಂಟೂವರೆಗೇ ಅಡುಗೆಮನೆಗೆ ಹೋದೆ. ಪಿಳ್ಳಣ್ಣ ಈರುಳ್ಳಿ ಬಾಡಿಸುತ್ತಿದ್ದ. ನನ್ನನ್ನು ನೋಡಿ ಮುಖ ತಿರುಗಿಸಿದ.

"ನಾಲ್ಕು ಜನರ ಮುಂದೆ ನನ್ನ ಸುಳ್ಳ ಮಾಡಿದ್ಯಲ್ಲಮ್ಮ. ನಿನ್ನ ವಯಸ್ಸಿನ ಮಗಳಿದಾಳೆ ನಂಗೆ."

"ನೀನು ಅಡುಗೆ ಮಾಡು ಪಿಳ್ಳಣ್ಣ. ನಾನು ಸುಮ್ನೆ ನೋಡ್ತೀನಿ."

"ನೋಡು. ಚೆನ್ನಾಗಿ ನೋಡು. ಏನ್ ಬಚ್ಚಿಟ್ಟಿದೀನಿ ನಾನು?"

ಈರುಳ್ಳಿ ಕಂದು ಬಣ್ಣಕ್ಕೆ ಬರುವತನಕ ಅವನು ಮಾತಾಡುತ್ತಲೇ ಇದ್ದ. ಬೊಮ್ಮನಹಳ್ಳಿಯಲ್ಲಿ ಗಾರ್ಮೆಂಟ್ ಕೆಲಸಕ್ಕೆ ಹೋಗುವ ಮಗಳ ಬಗ್ಗೆ, ಅವಳ ಸೂಪರ್‌ವೈಸರ್ ಬಗ್ಗೆ, ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನ ಬಗ್ಗೆ. ಮಾತಾಡುತ್ತಲೇ ಉಪ್ಪು ಹಾಕಿದ. ಮಾತಾಡುತ್ತಲೇ ಅವನ ಎಡಗೈ ಶೆಲ್ಫಿನ ಹಾಲಿನಪುಡಿ ಡಬ್ಬಕ್ಕೆ ಹೋಯಿತು, ಒಂದು ಉಂಡೆ ಬೆಲ್ಲ ತೆಗೆಯಿತು, ಸೌಟಿನ ಹಿಂಬದಿಯಿಂದ ಒಡೆದು ಬಾಣಲೆಗೆ ಹಾಕಿತು. ಡಬ್ಬ ಮುಚ್ಚಿತು. ಮಾತಿನಲ್ಲಿ ಅವನಿನ್ನೂ ಸಿಲ್ಕ್ ಬೋರ್ಡಿನ ಸಿಗ್ನಲ್ ಹತ್ತಿರವೇ ಇದ್ದ.

"ಇದೇನು?" ಎಂದೆ.

"ಯಾವ್ದು?"

"ಈಗ ಹಾಕಿದ್ದು."

ಪಿಳ್ಳಣ್ಣ ತನ್ನ ಕೈಯನ್ನು ನೋಡಿಕೊಂಡ. ಬೆರಳಿಗೆ ಅಂಟಿದ್ದನ್ನು ಪ್ಯಾಂಟಿಗೆ ಒರೆಸಿದ. "ಇದಾ? ಇದನ್ನ ಬೆಲ್ಲ ಹಾಕೋದು ಅಂತಾರಾ? ಪಾಯಸಕ್ಕೆ ಹಾಕಿದ್ರೆ ಅದು ಬೆಲ್ಲ ಹಾಕೋದು. ಇದು ಉಪ್ಪಿನ ಜೊತೆಗೆ ಒಂದು ಚೂರು. ಇಷ್ಟೂ ಇಲ್ದೆ ಯಾರಮ್ಮ ಕುಂಬಳಕಾಯಿ ಬೇಯ್ಸ್ತಾರೆ? ಆಸ್ಪತ್ರೆ ಊಟ ಆಗುತ್ತೆ."

ಅವನು ನಿನ್ನೆ ಸುಳ್ಳು ಹೇಳಿರಲಿಲ್ಲ. ಕೈ ಹಾಕಿದ್ದು ತಲೆಗೆ ಗೊತ್ತಿರಲಿಲ್ಲ, ಅಷ್ಟೇ. ಆ ಉಂಡೆ ಒಂದು ಸಣ್ಣ ನಿಂಬೆಹಣ್ಣಿನಷ್ಟಿತ್ತು.

"ಒಂದು ಟಾರ್ಟ್ ಬೆಲ್ಲ ಇಲ್ದೆ ಮಾಡು ಪಿಳ್ಳಣ್ಣ. ಚಿಕ್ಕದು. ಒಂದು ಹಾಕಿದ್ದು."

ಗೊಣಗುತ್ತ ಮಾಡಿದ. ಹತ್ತೂವರೆಗೆ ಎರಡೂ ತಯಾರಾದವು. ನಿನ್ನೆ ಉಳಿದಿದ್ದ ಶೆನಿನ್ ಮತ್ತು ಶಿರಾಜ್ ಫ್ರಿಜ್ಜಿನಲ್ಲಿದ್ದವು. ಶಿರಾಜನ್ನು ಸ್ವಲ್ಪ ಹೊತ್ತು ಹೊರಗಿಟ್ಟು ರುಚಿ ನೋಡಿದೆ. ಬೆಲ್ಲ ಹಾಕಿದ ಟಾರ್ಟಿಗೆ ಮತ್ತೆ ಅದೇ ಕಹಿ, ಅದೇ ಕಟ್ಟಿಗೆ. ಬೆಲ್ಲವಿಲ್ಲದ್ದರ ಜೊತೆ ಶಿರಾಜ್ ಚೆನ್ನಾಗಿತ್ತು. ಕುಂಬಳದ ಸುಟ್ಟ ಅಂಚು, ಉಪ್ಪುಪ್ಪು ಚೀಸು, ಮೆಣಸಿನಂಥ ವೈನ್. ಸುಶ್ರುತ ಹೇಳಿದ್ದು ಅಕ್ಷರಶಃ ನಿಜ. ಅವನು ಕಾಗದದ ಮೇಲಿನ ಟಾರ್ಟಿಗೆ ಸರಿಯಾದ ವೈನನ್ನೇ ಆರಿಸಿದ್ದ.

ನಾನು ಸ್ಟೂಲಿನ ಮೇಲೆ ಕೂತೆ. ಪಿಳ್ಳಣ್ಣ ಬೆಲ್ಲವಿಲ್ಲದ್ದನ್ನು ಒಂದು ತುತ್ತು ತಿಂದು ತಟ್ಟೆ ದೂರ ತಳ್ಳಿದ.

"ಥೂ. ಇದಾ ಬೇಕು ನಿಂಗೆ? ಆದ್ರೂ ಬೇಕಾದ್ರೆ ಭಾನುವಾರ ಹೀಗೇ ಮಾಡ್ತೀನಿ. ರೆಸಿಪಿ ಪ್ರಕಾರ. ಮೇಡಂಗೆ ಹೇಳ್ಬೇಡ, ಮಾರಾಯ್ತಿ. ಈ ವಯಸ್ಸಲ್ಲಿ ಇನ್ನೊಂದು ಕಡೆ ಹೋಗಿ ಕೆಲಸ ಕೇಳೋಕಾಗಲ್ಲ."

ಲೆಕ್ಕ ಸರಳವಾಗಿತ್ತು. ಅವನು ಬೆಲ್ಲ ಬಿಟ್ಟರೆ ಅವನು ಉಳಿಯುತ್ತಾನೆ, ಸುಶ್ರುತ ಗೆಲ್ಲುತ್ತಾನೆ, ರವಿ ಸುರಿಯುತ್ತಾನೆ. ನಾನು ಇಲ್ಲದ ಬೆಲ್ಲವನ್ನು ಹುಡುಕಿದ ಹಳ್ಳಿಯವಳಾಗಿ ಉಳಿಯುತ್ತೇನೆ. ಸುರಭಿಗೆ ಹೇಳಿದರೂ ಅದೇ ಆಗುತ್ತದೆ. ಅವಳು ಬೆಲ್ಲ ತೆಗೆಸುತ್ತಾಳೆಯೇ ಹೊರತು ವೈನ್ ಬದಲಿಸುವುದಿಲ್ಲ.

"ಎರಡರಲ್ಲಿ ಯಾವ್ದು ಚೆನ್ನಾಗಿದೆ ಪಿಳ್ಳಣ್ಣ? ನಿಜ ಹೇಳು."

"ಕೇಳ್ತೀಯಲ್ಲ! ಬೆಲ್ಲದ್ದೇ."

"ಹಾಗಾದ್ರೆ ಭಾನುವಾರ ಬೆಲ್ಲ ಹಾಕು."

"ಮತ್ತೆ ಮೇಡಂ..."

"ಹಾಕು ಅಂದೆ. ಚೂರೂ ಕಡಿಮೆ ಮಾಡ್ಬೇಡ."

ಅವನ ಕೈರುಚಿಯ ಮರ್ಯಾದೆ ಉಳಿಸಲು ಹಾಗೆ ಹೇಳಿದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನನಗಾಗಿ ಹೇಳಿದೆ. ಬೆಲ್ಲ ಹಾಕಿದ ಟಾರ್ಟೇ ಹೆಚ್ಚು ಚೆನ್ನಾಗಿದ್ದುದು ನನ್ನ ಅದೃಷ್ಟ.

ಆ ಸಂಜೆ ಅವ್ವನ ಫೋನು ಬಂತು. ನನ್ನದು ಹೋಟೆಲ್ ಕೆಲಸ ಎಂದಷ್ಟೇ ಮನೆಯಲ್ಲಿ ಗೊತ್ತಿತ್ತು. ನಮ್ಮದು ಮೊಟ್ಟೆಯನ್ನೂ ಒಳಗೆ ತರದ ಮನೆ. ಯಾಕೋ ಬಚ್ಚಿಡುವುದು ಸಾಕೆನಿಸಿ ವೈನ್ ಬಗ್ಗೆ ಎಲ್ಲ ಹೇಳಿಬಿಟ್ಟೆ.

"ಕುಡಿತಿಯೇನ?"

"ಇಲ್ಲ. ಉಗುಳ್ತೀನಿ."

"ಮತ್ತ ಅಂಜ್ಕೋತ ಯಾಕ ಹೇಳಾಕತ್ತಿ? ಜೋರ ಹೇಳ."

*

ಶನಿವಾರ ಸುರಭಿಯ ಬಳಿ ಹೋದೆ. ಅವಳು ಕೌಂಟರಿನಲ್ಲಿ ಭಾನುವಾರದ ಕಾರ್ಡುಗಳನ್ನು ಜೋಡಿಸುತ್ತಿದ್ದಳು. ದಪ್ಪ ಕಾಗದ, ಚಿನ್ನದ ಅಂಚು. 'ಸಿಹಿಗುಂಬಳ, ಈರುಳ್ಳಿ, ಮೇಕೆ ಚೀಸಿನ ಟಾರ್ಟ್. ಜೊತೆಗೆ ಶಿರಾಜ್. ಆಯ್ಕೆ: ಸುಶ್ರುತ.'

"ಮೇಡಂ, ಶೆನಿನ್ ಕೂಡ ಒಂದು ಬಾಟಲಿ ತೆಗೆಯೋಣ. ಬಂದೋರು ಎರಡೂ ನೋಡ್ಲಿ."

"ಕಾರ್ಡ್ ಪ್ರಿಂಟ್ ಆಗಿದೆ ಡಾನಾ."

"ಹಾಗಾದ್ರೆ ಸುರಿಯೋದಾದ್ರೂ ನಂಗೆ ಕೊಡಿ. ಶಿರಾಜನ್ನೇ ಸುರೀತೀನಿ."

ಅವಳು ಕಾರ್ಡು ಕೆಳಗಿಟ್ಟಳು. "ನೋಡು, ನೀನು ಚೆನ್ನಾಗಿ ಕೆಲಸ ಮಾಡ್ತೀಯ. ಆದ್ರೆ ಕುಡಿಯದೇ ಇರೋ ಹುಡುಗಿ ವೈನ್ ಬಗ್ಗೆ ಹೇಳಿದ್ರೆ ಯಾರ್ ನಂಬ್ತಾರೆ? ಅದೂ ಅಲ್ದೆ ಗಂಡಸರು ಇರ್ತಾರೆ, ಕುಡಿದಿರ್ತಾರೆ, ಏನಾದ್ರೂ ಅಂದ್ರೆ? ನಿನ್ನ ಒಳ್ಳೇದಕ್ಕೇ ಹೇಳ್ತಿರೋದು ನಾನು."

"ತಟ್ಟೆ ಇಡುವಾಗ್ಲೂ ಅಂತಾರೆ ಮೇಡಂ. ಆಗ ನನ್ನ ಒಳ್ಳೇದು ಯಾರಿಗೂ ನೆನಪಾಗಲ್ಲ."

"ಬಾಯಿ ಜೋರು ನಿಂದು," ಎಂದಳು. ಬೈಗುಳವೋ ಅಲ್ಲವೋ ತಿಳಿಯಲಿಲ್ಲ. ಕಾರ್ಡು ಎತ್ತಿಕೊಂಡಳು. ಮಾತು ಮುಗಿಯಿತು.

*

ಭಾನುವಾರ ಒಂದು ಗಂಟೆಗೆ ಹನ್ನೆರಡು ಜನ ಬಂದರು. ಹೆಚ್ಚಿನವರು ಜಯನಗರದವರು, ಸುರಭಿಯ ಪರಿಚಯದವರು. ತುದಿಯಲ್ಲಿ ರಾಮಪ್ರಸಾದ ಮತ್ತು ಅವನ ಹೆಂಡತಿ ಸೀತಾಲಕ್ಷ್ಮಿ ಕೂತರು. ಬ್ಯಾಂಕಿನಿಂದ ನಿವೃತ್ತನಾದವನು ಅವನು, ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದವಳು ಅವಳು. ಇಬ್ಬರಿಗೂ ತಿಂಗಳಿಗೊಮ್ಮೆ ವೈನ್ ಕುಡಿಯುವ ಅಭ್ಯಾಸ, ಮಗಳು ಕಲಿಸಿದ್ದಂತೆ. ಊಟದ ಬಗ್ಗೆ ಸೀತಾಲಕ್ಷ್ಮಿ ಏನಂದಳು ಎಂಬುದು ಸಂಜೆಯೊಳಗೆ ನಾಲ್ಕನೇ ಬ್ಲಾಕಿಗೆಲ್ಲ ಗೊತ್ತಾಗುತ್ತದೆ ಎಂದು ಸುರಭಿ ನಮಗೆ ಮೊದಲೇ ಎಚ್ಚರಿಕೆ ಕೊಟ್ಟಿದ್ದಳು.

ಟಾರ್ಟ್ ಇಟ್ಟೆ. ರವಿ ಶಿರಾಜ್ ಸುರಿದ. ಸುರಿಯುವಾಗ ಟೇಬಲ್ ಬಟ್ಟೆಗೆ ಎರಡು ಹನಿ ಬಿದ್ದವು. ಸುಶ್ರುತ ಎದ್ದು ನಿಂತು ಓಕ್ ಪೀಪಾಯಿಯ ಬಗ್ಗೆ ಐದು ನಿಮಿಷ ಮಾತಾಡಿದ. ಎಲ್ಲರೂ ತಿಂದರು, ಕುಡಿದರು.

ನಾನು ಗೋಡೆಗೆ ಆತು ಮುಖಗಳನ್ನೇ ನೋಡುತ್ತಿದ್ದೆ. ಟಾರ್ಟ್ ತಿಂದಾಗ ಹುಬ್ಬು ಏರುತ್ತಿತ್ತು. ವೈನ್ ಕುಡಿದಾಗ ತುಟಿ ಬಿಗಿಯಾಗುತ್ತಿತ್ತು. ಎರಡನೇ ಸಲಕ್ಕೆ ಗ್ಲಾಸು ಮುಟ್ಟಿದವರು ಮೂರು ಜನ. ನೀರಿನ ಜಗ್ಗಿಗೆ ಕೈ ಹಾಕಿದವರು ಆರು.

"ಟಾರ್ಟ್ ತುಂಬಾ ಚೆನ್ನಾಗಿದೆ ಸುರಭಿ," ಎಂದಳು ಸೀತಾಲಕ್ಷ್ಮಿ. "ಈ ವೈನ್ ಮಾತ್ರ ಕಷಾಯ ಕುಡಿದ ಹಾಗಿದೆ."

"ಅದು ಟ್ಯಾನಿನ್ ಆಂಟಿ," ಎಂದ ಸುಶ್ರುತ. "ಅಭ್ಯಾಸ ಆಗ್ಬೇಕು."

"ಎಪ್ಪತ್ತು ವರ್ಷ ಆಯ್ತಪ್ಪ ನಂಗೆ. ಇನ್ಯಾವಾಗ ಅಭ್ಯಾಸ ಆಗೋದು?"

ಟೇಬಲ್ ನಕ್ಕಿತು. ಸುರಭಿಯೂ ನಕ್ಕಳು, ಆದರೆ ಕಣ್ಣು ನಗಲಿಲ್ಲ. ರವಿ ಬಾಟಲಿ ಹಿಡಿದು ನಿಂತೇ ಇದ್ದ. ಮುಂದೇನು ಮಾಡಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕೆಳಗಿಳಿದು ಹೋದೆ. ಫ್ರಿಜ್ಜಿನಿಂದ ಹೊಸ ಶೆನಿನ್ ತೆಗೆದೆ. ಮೆಟ್ಟಿಲ ಮೇಲೆ ರವಿ ಎದುರಾದ.

"ಏ ಮಗಾ, ಏನ್ ಮಾಡ್ತಿದೀಯ? ಸುಮ್ನಿರು. ಕೆಲಸ ಹೋಗುತ್ತೆ ನಿಂದು."

"ದಾರಿ ಬಿಡು."

"ನನ್ನ ಮೇಲೆ ಸಿಟ್ಟಾ? ನಾನೇನು ಕೇಳಿದ್ನಾ ಈ ಕೆಲಸ?"

"ಬೇಡ ಅಂತಾನೂ ಅನ್ಲಿಲ್ಲ."

ಅವನು ಪಕ್ಕಕ್ಕೆ ಸರಿದ. ಟೆರೇಸಿಗೆ ಹೋಗಿ ಸೀತಾಲಕ್ಷ್ಮಿಯ ಮುಂದೆ ಹೊಸ ಗ್ಲಾಸು ಇಟ್ಟೆ. ಕಾರ್ಕು ತೆಗೆದೆ. ಸುಶ್ರುತ ಕಲಿಸಿದ್ದ ಹಾಗೆಯೇ, ಸದ್ದಿಲ್ಲದೆ.

"ಇದು ಯಾರ್ ಹೇಳಿದ್ರು?" ಸುಶ್ರುತನ ದನಿ.

"ಯಾರೂ ಹೇಳಿಲ್ಲ. ನಾನೇ ತಂದೆ." ಸೀತಾಲಕ್ಷ್ಮಿಯ ಕಡೆ ತಿರುಗಿದೆ. "ಮೇಡಂ, ಮೊದಲು ಟಾರ್ಟ್ ಒಂದು ತುತ್ತು. ಬಾಯಲ್ಲಿ ಇರುವಾಗ್ಲೇ ಇದು."

ಆಕೆ ಹಾಗೇ ಮಾಡಿದಳು. ನುಂಗಿದಳು. ಇನ್ನೊಂದು ತುತ್ತು ತಿಂದಳು, ಇನ್ನೊಂದು ಗುಟುಕು ಕುಡಿದಳು. "ರೀ, ಇದು ಸರಿ ಹೋಯ್ತು ಕಣ್ರೀ," ಎಂದು ಗಂಡನ ಕಡೆ ಗ್ಲಾಸು ಚಾಚಿದಳು.

ರಾಮಪ್ರಸಾದ ರುಚಿ ನೋಡಿ ವಾಪಸ್ ಕೊಟ್ಟ. "ನಂಗೆ ಕೆಂಪೇ ಇರ್ಲಿ. ವೈನ್ ಅಂದ್ರೆ ಕೆಂಪಗಿರ್ಬೇಕು."

ಅವನಿಗೆ ಅವನದು. ಉಳಿದವರು ಗ್ಲಾಸು ಚಾಚತೊಡಗಿದರು. ಸುರಿಯುತ್ತ ಹೋದೆ. ಒಂದು ಹನಿಯೂ ಬೀಳಲಿಲ್ಲ.

"ಯಾಕೆ ಹೀಗೆ?" ಗಣಿತದ ಮೇಷ್ಟರಮ್ಮ ಕೇಳಿದಳು. "ಅದು ಕಹಿ, ಇದು ಇಷ್ಟು ಹಿತ?"

"ತಿನ್ನೋದು ಸಿಹಿ ಇದ್ದಾಗ ವೈನೂ ಅಷ್ಟಾದ್ರೂ ಸಿಹಿ ಇರ್ಬೇಕು ಮೇಡಂ. ಇಲ್ದಿದ್ರೆ ವೈನ್ ಸೋಲುತ್ತೆ, ಒಗರು ಕಹಿ ಆಗುತ್ತೆ. ಇದ್ರಲ್ಲಿ ಸಿಹಿ ಇದೆ, ಹುಳಿನೂ ಇದೆ. ಸಿಹಿ ಬೆಲ್ಲಕ್ಕೆ ಸಮ, ಹುಳಿ ಬೆಣ್ಣೆ, ಚೀಸನ್ನ ತೊಳೆಯುತ್ತೆ."

"ಬೆಲ್ಲ ಎಲ್ಲಿದೆ ಇದ್ರಲ್ಲಿ?" ಎಂದ ರಾಮಪ್ರಸಾದ.

"ಅದನ್ನೇ ನಾನೂ ಕೇಳ್ತಿರೋದು," ಎಂದ ಸುಶ್ರುತ. ಮುಖ ಕೆಂಪಾಗಿತ್ತು. "ರೆಸಿಪಿಯಲ್ಲಿ ಇಲ್ಲ. ಇವಳು ಗುರುವಾರದಿಂದ ಇದೇ ರಾಗ ಹಾಡ್ತಿದಾಳೆ. ಕರೀರಿ ಆ ಕುಕ್ಕನ್ನ."

ಪಿಳ್ಳಣ್ಣ ಏಪ್ರನ್ನಿಗೆ ಕೈ ಒರೆಸುತ್ತ ಹತ್ತಿ ಬಂದ. ಅವನು ಇಲ್ಲ ಎಂದರೆ ಮುಗಿಯಿತು. ಇದೆ ಎಂದರೆ ಅವನದು ಮುಗಿಯಬಹುದು. ಅವನನ್ನು ಅಲ್ಲಿಗೆ ತಂದು ನಿಲ್ಲಿಸಿದವಳು ನಾನು. ಅದು ಗೊತ್ತಿದ್ದೂ ಬಾಟಲಿ ಕೆಳಗಿಡಲಿಲ್ಲ.

"ಪಿಳ್ಳಣ್ಣ, ಟಾರ್ಟಿಗೆ ಬೆಲ್ಲ ಹಾಕಿದೀರಾ?" ಎಂದಳು ಸುರಭಿ.

ಅವನು ನನ್ನನ್ನು ನೋಡಿದ. ಆಮೇಲೆ ತಟ್ಟೆಗಳನ್ನು ನೋಡಿದ. ಎಲ್ಲವೂ ಖಾಲಿಯಾಗಿದ್ದವು. ಒಬ್ಬನು ಬೆರಳಿನಿಂದ ತಟ್ಟೆ ಒರೆಸುತ್ತಿದ್ದ.

"ಹಾಕಿದೀನಿ ಮೇಡಂ. ಯಾವಾಗ್ಲೂ ಹಾಕ್ತೀನಿ."

"ರೆಸಿಪಿಲಿ ಇಲ್ವಲ್ಲ!" ಎಂದ ಸುಶ್ರುತ.

"ಬರೆಯೋರು ಬಿಟ್ಟಿರ್ಬೇಕು ಸಾರ್."

ಸೀತಾಲಕ್ಷ್ಮಿಗೆ ಚರ್ಚೆಯೇ ಅರ್ಥವಾಗಲಿಲ್ಲ. "ಕುಂಬಳಕಾಯಿಗೆ ಬೆಲ್ಲ ಹಾಕ್ದೆ ಮತ್ತೇನು ಹಾಕ್ತಾರೆ? ಅದರಲ್ಲಿ ಕೇಳೋದೇನಿದೆ?" ಎಂದಳು. ಅವಳ ಎಡಬಲದವರು ಹೌದೆಂದು ತಲೆಯಾಡಿಸಿದರು. ಎರಡು ನಿಮಿಷದ ಹಿಂದೆ ಅದೇ ಜನ ಬೆಲ್ಲ ಎಲ್ಲಿದೆ ಎಂದು ತಟ್ಟೆ ನೋಡುತ್ತಿದ್ದರು.

ಸುಶ್ರುತ ಕಾಫಿಗೆ ನಿಲ್ಲದೆ ಹೊರಟು ಹೋದ.

*

ನ್ಯಾಯ ಸಿಕ್ಕಿತೆಂದು ಯಾರೂ ಅಂದುಕೊಳ್ಳಬಾರದು. ನಾಲ್ಕೂವರೆಗೆ ಸುರಭಿ ನನ್ನನ್ನು ಕೌಂಟರಿಗೆ ಕರೆದಳು.

"ಪಿಳ್ಳಣ್ಣ ರೆಸಿಪಿಲಿ ಬೆಲ್ಲ ಬರೆಸ್ತಾನೆ, ಅವನ ವಿಷಯ ಮುಗೀತು. ಇನ್ನು ನಿಂದು. ಹೇಳದೆ ಕೇಳದೆ ಬಾಟಲಿ ತೆಗೆದೆ. ಗೆಸ್ಟ್ ಮುಂದೆ ಸುಶ್ರುತನ ಮರ್ಯಾದೆ ತೆಗೆದೆ. ನಾನು ಏನು ಮಾಡ್ಬೇಕು ನಿನ್ನ?"

ಉತ್ತರಕ್ಕೆ ಕಾಯದೆ ಅವಳೇ ಮುಂದುವರಿಸಿದಳು.

"ಶೆನಿನ್ ಕಾರ್ಡಿಗೆ ಬರುತ್ತೆ. ಆಯ್ಕೆ ಸುಶ್ರುತಂದು ಅಂತಾನೇ ಇರುತ್ತೆ, ಅವನಿಗೆ ಹೆಸರಿದೆ. ರವಿ ಸುರೀಲಿ, ನೀನು ಅವನಿಗೆ ಕಲಿಸು. ಮಂಗಳವಾರದೊಳಗೆ ಸುಶ್ರುತಂಗೆ ಫೋನ್ ಮಾಡಿ ಸಾರಿ ಹೇಳು. ಇಷ್ಟು ಮಾಡಿದ್ರೆ ನಾನು ಎಲ್ಲ ಮರೀತೀನಿ."

"ಇಲ್ಲ ಮೇಡಂ."

"ಯಾವುದಕ್ಕೆ ಇಲ್ಲ?"

"ಮೂರಕ್ಕೂ. ಶೆನಿನ್ ಆರಿಸಿದ್ದು ನಾನು, ಅದಕ್ಕೆ ಅವರ ಹೆಸರು ಬೇಡ. ಹೇಳದೆ ಬಾಟಲಿ ತೆಗೆದದ್ದಕ್ಕೆ ನಿಮಗೆ ಸಾರಿ ಹೇಳ್ತೀನಿ, ಬಾಟಲಿ ನಿಮ್ಮದು. ಸುಶ್ರುತ ಸಾರ್‌ಗೆ ಹೇಳೋಕೆ ನಂಗೇನೂ ಇಲ್ಲ. ಗುರುವಾರಾನೇ ಹೇಳಿದ್ದೆ, ಅವರು ನಕ್ಕರು. ರವಿಗೆ ಕಲಿಸಲ್ಲ. ನಂಗೆ ಬರೋ ಕೆಲಸಾನ ನಾನೇ ಮಾಡ್ತೀನಿ."

"ಹಾಗಾದ್ರೆ ಬೇರೆ ಕಡೆ ನೋಡ್ಕೋತೀಯಾ?"

"ಮಂಗಳವಾರ ಡ್ಯೂಟಿಗೆ ಬರ್ತೀನಿ. ನೀವು ಬೇಡ ಅನ್ನೋದಾದ್ರೆ ಎಲ್ಲರ ಮುಂದೆ ಅನ್ನಿ, ಯಾಕೆ ಅಂತಾನೂ ಹೇಳಿ."

ಸೋಮವಾರ ರಜೆ. ಪಿಜಿಯಲ್ಲಿ ಬಟ್ಟೆ ಒಗೆದೆ, ಮಲಗಿದೆ. ಫೋನ್ ಕೈಗೆ ತೆಗೆದುಕೊಂಡು ಸುಶ್ರುತನ ನಂಬರು ಎರಡು ಸಲ ನೋಡಿದ್ದು ನಿಜ. ಬಿಟಿಎಂನಲ್ಲಿ ಕೆಲಸ ಹುಡುಕುತ್ತಿರುವ ನನ್ನಂಥವರು ಪ್ರತಿ ಮಹಡಿಗೆ ಹತ್ತು ಜನ ಇದ್ದಾರೆ. ಫೋನ್ ಮಾಡಲಿಲ್ಲ.

ಮಂಗಳವಾರ ಹನ್ನೊಂದಕ್ಕೆ ಹೋದೆ. ಬೇಡ ಎಂದು ಯಾರೂ ಅನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಟೇಬಲ್ಲುಗಳ ಮೇಲೆ ಹಳೆಯ ಚಿನ್ನದಂಚಿನ ಕಾರ್ಡುಗಳೇ ಇದ್ದವು. ಮಧ್ಯಾಹ್ನ ಎರಡು ಗಂಟೆಗೆ ಒಂಬತ್ತನೇ ಟೇಬಲ್ಲಿನ ಇಬ್ಬರು ಹೆಂಗಸರು ಟಾರ್ಟ್ ಹೇಳಿದರು. ರವಿ ಶಿರಾಜ್ ಬಾಟಲಿ ಹಿಡಿದು ಹೊರಟಿದ್ದ.

"ಅದನ್ನ ಇಡು," ಎಂದೆ.

"ಮೇಡಂ ನೋಡ್ತಾ ಇದಾರೆ, ಗುರು."

"ನೋಡ್ಲಿ."

ಅವನು ಬಾಟಲಿ ಇಟ್ಟ. ಬಹುಶಃ ಅವನಿಗೂ ನಿರಾಳವಾಯಿತು, ನಾನು ಕೇಳಲಿಲ್ಲ. ಶೆನಿನ್ ತೆಗೆದುಕೊಂಡು ಒಂಬತ್ತಕ್ಕೆ ಹೋದೆ.

"ಕಾರ್ಡಲ್ಲಿ ರೆಡ್ ಅಂತಿದೆ?" ಎಂದಳು ಒಬ್ಬಳು.

"ಕಾರ್ಡು ತಪ್ಪು ಮೇಡಂ. ಇದನ್ನ ನೋಡಿ. ಇಷ್ಟ ಆಗ್ಲಿಲ್ಲ ಅಂದ್ರೆ ಅದನ್ನೇ ತರ್ತೀನಿ."

ಸುರಿದು ನಿಂತೆ. ಅವರು ತಿಂದರು, ಕುಡಿದರು, ಒಬ್ಬರನ್ನೊಬ್ಬರು ನೋಡಿಕೊಂಡರು. ಬಾಟಲಿ ಟೇಬಲ್ ಮೇಲೇ ಇರಲಿ ಎಂದರು.

ತಿರುಗಿ ಬರುವಾಗ ಸುರಭಿ ಕೌಂಟರು ಬಿಟ್ಟು ಎದ್ದು ಬಂದಿದ್ದಳು.

"ಸುಶ್ರುತಂಗೆ ಫೋನ್ ಮಾಡಿದ್ಯಾ?"

"ಇಲ್ಲ."

"ಮಾಡ್ತೀಯಾ?"

"ಇಲ್ಲ ಮೇಡಂ."

ಅವಳು ಒಂಬತ್ತನೇ ಟೇಬಲ್ಲನ್ನು ನೋಡಿದಳು. ಎರಡನೇ ಸುತ್ತು ಅವರೇ ಸುರಿದುಕೊಳ್ಳುತ್ತಿದ್ದರು. ಸುರಭಿ ವ್ಯಾಪಾರ ಮಾಡುವವಳು. ನನ್ನ ಮೇಲೆ ಪ್ರೀತಿ ಉಕ್ಕಿ ಬಂತೆಂದು ನಾನು ತಿಳಿದುಕೊಳ್ಳುವುದಿಲ್ಲ.

"ಶೆನಿನ್ ಎಷ್ಟಿದೆ?"

"ವಾರಾಂತ್ಯಕ್ಕೆ ಸಾಲಲ್ಲ."

"ಆರ್ಡರ್ ಹಾಕು. ನಿನ್ನ ಹೆಸರಲ್ಲೇ ಹಾಕು, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಿನ್ನನ್ನೇ ಕೇಳ್ತೀನಿ." ಎರಡು ಹೆಜ್ಜೆ ಹೋಗಿ ತಿರುಗಿದಳು. "ಕಾರ್ಡಲ್ಲಿ ಮಾತ್ರ ನಿನ್ನ ಹೆಸರು ಹಾಕಲ್ಲ."

"ಅದನ್ನ ಮುಂದಿನ ತಿಂಗಳು ಕೇಳ್ತೀನಿ," ಎಂದೆ.

ಆರನೇ ಟೇಬಲ್ಲಿನವರು ಕೈ ಎತ್ತಿ ಕರೆದರು. ಇನ್ನೊಂದು ಬಾಟಲಿ ಹಿಡಿದುಕೊಂಡು ಹೋದೆ.